ಬರಿಗೈಯ ಮನೆಗೂ ಬರುವ ಹಬ್ಬ

ಡಿಸೆಂಬರ್ ತಿಂಗಳ ಮೂರನೆಯ ವಾರ ಕಾಲಿಟ್ಟಿತೆಂದರೆ ಬಳ್ಳಾರಿಯ ಕೌಲ್ ಬಜಾರಿನ ಓಣಿಗಳಲ್ಲಿ ಹೊಸ ನಕ್ಷತ್ರಗಳು ಮೂಡುತ್ತವೆ. ಬಣ್ಣದ ಕಾಗದದಿಂದ ಮಾಡಿದ ಐದು ಮೂಲೆಯ ನಕ್ಷತ್ರಗಳು ಅವು. ಒಳಗೊಂದು ಪುಟ್ಟ ದೀಪ. ಕ್ರೈಸ್ತರ ಮನೆಗಳ ಮುಂಬಾಗಿಲಲ್ಲಿ ತೂಗುವ ಈ ನಕ್ಷತ್ರಗಳನ್ನು ಕಂಡೇ ನೆರೆಹೊರೆಯವರು, ‘ಇನ್ನೇನು, ಇವರ ಹಬ್ಬ ಬಂದಿತು’ ಎಂದು ತಿಳಿಯುತ್ತಾರೆ. ಹಗಲೆಲ್ಲ ಬಿಸಿಲನ್ನೇ ಕುಡಿದು ನಿಂತ ಗುಡ್ಡದ ಬಂಡೆಗಳು ಆ ಹೊತ್ತಿಗೆ ತಣ್ಣಗಾಗಿರುತ್ತವೆ. ಜೀನ್ಸ್ ಹೊಲಿಯುವ ಮನೆಗಳಲ್ಲಿ ಯಂತ್ರಗಳ ಸದ್ದು ಇನ್ನೂ ಅಡಗಿರುವುದಿಲ್ಲ. ಕರ್ಜಿಕಾಯಿ, ಚಕ್ಕುಲಿ ಕರಿಯುವ ಎಣ್ಣೆಯ ವಾಸನೆ ಓಣಿಯಿಂದ ಓಣಿಗೆ ಹಬ್ಬುತ್ತದೆ. ಎಲ್ಲಿಂದಲೋ ಕ್ಯಾರಲ್ ಗೀತೆಯ ಅಭ್ಯಾಸ ಕೇಳಿಬರುತ್ತದೆ.

ಆದರೆ ಎಲ್ಲ ಬಾಗಿಲುಗಳಲ್ಲಿಯೂ ನಕ್ಷತ್ರ ತೂಗುವುದಿಲ್ಲ. ಇಷ್ಟು ದೊಡ್ಡ ಪೇಟೆಯಲ್ಲಿ, ಯಾವ ವರ್ಷವಾದರೂ ಸರಿ, ಹಬ್ಬದ ಹೊತ್ತಿಗೆ ಕತ್ತಲಾಗಿಯೇ ಉಳಿಯುವ ಕೆಲವು ಬಾಗಿಲುಗಳಿರುತ್ತವೆ. ಒಂದು ಮನೆಯಲ್ಲಿ ಯಜಮಾನ ತೀರಿಕೊಂಡು ಆರು ತಿಂಗಳಾಗಿರುತ್ತದೆ. ಇನ್ನೊಂದರಲ್ಲಿ ಹೊಲಿದ ಬಟ್ಟೆಯ ಕೂಲಿ ಕೈಗೆ ಬಂದಿರುವುದಿಲ್ಲ. ಮಕ್ಕಳಿಗೆ ಹೊಸ ಬಟ್ಟೆ ಇಲ್ಲ. ಜಗತ್ತಿಗೆಲ್ಲ ಬಟ್ಟೆ ಹೊಲಿದು ಕಳಿಸಿದ ಕೈಗೆ ಸ್ವಂತ ಮಗುವಿನ ಅಂಗಿ ಹೊಲಿಯುವ ಸಂಭ್ರಮ ಒದಗದೆ ಹೋಗುವುದು ಎಂಥ ವಿಪರ್ಯಾಸ! ಮತ್ತೊಂದರಲ್ಲಿ, ದೂರದ ಮರುಭೂಮಿಯ ನಾಡಿಗೆ ದುಡಿಯಲು ಹೋದ ಮಗನಿಗೆ ಈ ವರ್ಷವೂ ರಜೆ ಸಿಕ್ಕಿರುವುದಿಲ್ಲ. ಊರೆಲ್ಲ ನಗುತ್ತಿರುವಾಗ ತಾನೊಬ್ಬನೇ ನಗಲಾರದವನ ಸಂಕಟ ಸಾಮಾನ್ಯ ದಿನದ ಸಂಕಟಕ್ಕಿಂತ ಇಮ್ಮಡಿ. ಹಬ್ಬ ಅವನ ದುಃಖವನ್ನು ಮರೆಸುವುದಿಲ್ಲ, ಎತ್ತಿ ತೋರಿಸುತ್ತದೆ.

‘ಆನಂದಿಸಿರಿ’ ಎನ್ನುತ್ತದೆ ಕ್ರಿಸ್ಮಸ್ಸಿನ ಕರೆ. ಆನಂದವೆಂಬುದು ಪಂಚಾಂಗ ನೋಡಿಕೊಂಡು ಬರುವ ಅತಿಥಿಯೇ? ಡಿಸೆಂಬರ್ ೨೫ ಎಂದೊಡನೆ ಎದೆಯ ಭಾರ ತಾನಾಗಿ ಇಳಿದೀತೆ? ಇಳಿಯದಿದ್ದರೆ ಅಂಥವನು ಹಬ್ಬಕ್ಕೆ ಹೊರಗಿನವನೇ? ಕತ್ತಲಾದ ಆ ಬಾಗಿಲುಗಳು ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಿಲ್ಲ. ಬಳ್ಳಾರಿಯ ಚರಿತ್ರೆಯಲ್ಲಿಯೇ ಅದು ಸಾಕಷ್ಟಿದೆ.

ಕೌಲು ಎಂಬ ಮಾತು

ಮೊದಲು ಈ ಪೇಟೆಯ ಹೆಸರನ್ನೇ ನೋಡೋಣ. ‘ಕೌಲು’ ಎಂಬುದು ಅರಬ್ಬಿಯಿಂದ ಬಂದು ಕನ್ನಡದ ಕಂದಾಯ ದಫ್ತರಗಳಲ್ಲಿ ನೆಲೆಸಿದ ಶಬ್ದ. ಮೂಲದಲ್ಲಿ ಅದಕ್ಕೆ ‘ಮಾತು’ ಎಂದೇ ಅರ್ಥ. ಬಳಕೆಯಲ್ಲಿ ಕೊಟ್ಟ ಮಾತು, ಕರಾರು, ಅಭಯಪತ್ರ. ಪಾಳು ಬಿದ್ದ ಭೂಮಿಯನ್ನು ಸಾಗು ಮಾಡಲು ರೈತನಿಗೆ, ಹೊಸ ಪೇಟೆಯಲ್ಲಿ ನೆಲೆಸಲು ವರ್ತಕನಿಗೆ ಸರ್ಕಾರದವರು ಕೌಲು ಕೊಡುತ್ತಿದ್ದರು. ‘ನೀನು ನಿರ್ಭಯವಾಗಿ ಬಾ, ನಿನ್ನ ಕೈಬಿಡುವುದಿಲ್ಲ’ ಎಂಬ ಭರವಸೆಯೇ ಅದರ ತಿರುಳು.

೧೮೦೦ರಲ್ಲಿ ಹೈದರಾಬಾದಿನ ನಿಜಾಮರಿಂದ ಈ ಸೀಮೆ ಇಂಗ್ಲಿಷ್ ಕಂಪನಿಯ ವಶಕ್ಕೆ ಬಂದಿತು. ಮುಂದೆ ಬಳ್ಳಾರಿಯಲ್ಲಿ ದೊಡ್ಡ ದಂಡು ನೆಲೆಯೂರಿತು. ದಂಡಿಗೆ ಹೊಂದಿಕೊಂಡು ಬೆಳೆದ ಪೇಟೆ ಕೌಲ್ ಬಜಾರ್. ದಂಡಿನೊಡನೆ ತಮಿಳರು ಬಂದರು, ಉರ್ದು ಮಾತಾಡುವವರು ಬಂದರು. ತೆಲುಗು, ಕನ್ನಡಗಳು ಮೊದಲೇ ಇಲ್ಲಿದ್ದವು. ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಕಸುಬು ಕಾಲಾಂತರದಲ್ಲಿ ರೂಪ ಬದಲಿಸಿ, ಇಂದು ಬಳ್ಳಾರಿಗೆ ಹೆಸರು ತಂದ ಜೀನ್ಸ್ ಉದ್ಯಮವಾಗಿದೆ. ಮಸೀದಿಯ ಕರೆ, ಗುಡಿಯ ಗಂಟೆ, ಇಗರ್ಜಿಯ ಗಂಟೆ ಮೂರೂ ಇಲ್ಲಿ ಒಂದೇ ಗಾಳಿಯಲ್ಲಿ ಬೆರೆಯುತ್ತವೆ.

ಕೌಲಿಗೆ ಕನ್ನಡದಲ್ಲಿ ಸಮಾನವಾದ ಇನ್ನೊಂದು ಶಬ್ದ ‘ಒಡಂಬಡಿಕೆ’. ಕ್ರೈಸ್ತರ ಧರ್ಮಗ್ರಂಥದ ಎರಡು ಭಾಗಗಳಿಗೆ ಕನ್ನಡದಲ್ಲಿ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದೇ ಹೆಸರು. ದೇವರು ಮನುಷ್ಯನಿಗೆ ಕೊಟ್ಟ ಮಾತು ಎಂಬ ಅರ್ಥದಲ್ಲಿ ಅದೂ ಒಂದು ಕೌಲೇ! ಕ್ರಿಸ್ಮಸ್ಸನ್ನು ಅರಿಯಲು ಇದಕ್ಕಿಂತ ಒಳ್ಳೆಯ ಕೀಲಿಕೈ ಬೇರೆ ಇರಲಾರದು. ಏಕೆಂದರೆ ಈ ಹಬ್ಬ ಆಸೆ ಕೈಗೂಡಿದ್ದರ ಹಬ್ಬವಲ್ಲ, ಕೊಟ್ಟ ಮಾತು ಉಳಿದದ್ದರ ಹಬ್ಬ. ಆಸೆ ಮನುಷ್ಯನದು, ಮಾತು ದೇವರದು. ಎಷ್ಟೋ ವೇಳೆ ಆಸೆ ಮುರಿದುಬಿದ್ದ ಸ್ಥಳದಲ್ಲಿಯೇ ಮಾತು ನೆರವೇರುತ್ತದೆ ಎಂಬುದನ್ನು ಮೊದಲ ಕ್ರಿಸ್ಮಸ್ಸಿನ ಕಥೆಯೇ ಹೇಳುತ್ತದೆ.

ಮೊದಲ ಕ್ರಿಸ್ಮಸ್ಸಿನ ನಿರಾಶೆಗಳು

ಶುಭಾಶಯದ ಕಾರ್ಡುಗಳಲ್ಲಿ ಕಾಣುವ ಗೋದಲಿಯ ಚಿತ್ರ ಬಲು ಸುಂದರವಾದುದು. ಹೊಂಬಣ್ಣದ ಹುಲ್ಲು, ಮುಗುಳ್ನಗುವ ತಾಯಿ, ಮೊಣಕಾಲೂರಿದ ಕುರುಬರು. ಆದರೆ ಮತ್ತಾಯ, ಲೂಕರ ಸುವಾರ್ತೆಗಳನ್ನು ಬಿಡಿಸಿ ಓದಿದರೆ ಕಾಣುವ ಚಿತ್ರವೇ ಬೇರೆ. ಅಲ್ಲಿ ಹೆಜ್ಜೆಹೆಜ್ಜೆಗೂ ಮನುಷ್ಯರ ಎಣಿಕೆ ತಪ್ಪುತ್ತದೆ.

ಮರಿಯಳು ತುಂಬು ಗರ್ಭಿಣಿ. ಅಂಥ ಹೊತ್ತಿನಲ್ಲಿ ರೋಮಿನ ಚಕ್ರವರ್ತಿ ಔಗುಸ್ತನಿಂದ ಖಾನೇಷುಮಾರಿಯ ಅಪ್ಪಣೆ ಹೊರಡುತ್ತದೆ. ಪ್ರತಿಯೊಬ್ಬನೂ ತನ್ನ ಪೂರ್ವಿಕರ ಊರಿಗೆ ಹೋಗಿ ಹೆಸರು ಬರೆಸಬೇಕು. ನಜರೇತಿನಿಂದ ಬೆತ್ಲೆಹೇಮಿಗೆ ದಿನಗಟ್ಟಲೆಯ ದಾರಿ. ಬಾಣಂತನಕ್ಕೆ ತವರಿಲ್ಲ, ತಾಯಿಯಿಲ್ಲ. ತಲುಪಿದ ಊರಿನ ಛತ್ರದಲ್ಲಿ ಸ್ಥಳವಿಲ್ಲ. ಹುಟ್ಟಿದ ಕೂಸನ್ನು ಮಲಗಿಸಲು ತೊಟ್ಟಿಲಿಲ್ಲ. ದನಗಳು ಮೇವು ತಿನ್ನುವ ಗೋದಲಿಯೇ ತೊಟ್ಟಿಲಾಗುತ್ತದೆ. ಮೊದಲು ನೋಡಬಂದವರು ಊರಿನ ಗಣ್ಯರಲ್ಲ, ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದ ಬಡವರು. ದೇವಾಲಯದಲ್ಲಿ ಮಗುವನ್ನು ಎತ್ತಿಕೊಂಡ ಮುದುಕ ಸಿಮೆಯೋನ ದೇವರನ್ನು ಕೊಂಡಾಡುತ್ತಾನೆ. ಅದೇ ಉಸಿರಿನಲ್ಲಿ, ನಿನ್ನ ಪ್ರಾಣವನ್ನು ಅಲಗೊಂದು ತಿವಿಯುವುದು ಎಂಬ ಭಾವದ ಮಾತನ್ನು ಆ ಎಳೆಯ ತಾಯಿಗೆ ಹೇಳುತ್ತಾನೆ. ಬಾಣಂತಿಗೆ ಹೇಳುವ ಮಾತೇ ಅದು! ಆ ಬಳಿಕ ಹೆರೋದ ಅರಸನ ಕತ್ತಿ. ರಾತ್ರೋರಾತ್ರಿ ಐಗುಪ್ತ ದೇಶಕ್ಕೆ ಪಲಾಯನ. ಹಿಂದೆ ಉಳಿದ ಬೆತ್ಲೆಹೇಮಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಗೋಳು.

ಇಷ್ಟೆಲ್ಲದರ ನಡುವೆ ದೇವದೂತನು ಕುರುಬರಿಗೆ ಸಾರಿದ್ದು ಮಹಾ ಸಂತೋಷದ ಸುದ್ದಿಯನ್ನು. ಛತ್ರದಲ್ಲಿ ಸ್ಥಳ ದೊರೆತ ಮೇಲೆ ಬಂದ ಸುದ್ದಿಯಲ್ಲ ಅದು. ಹೆರೋದನ ಪ್ರಭುತ್ವ ಮುಗಿದ ಮೇಲೆ ಬಂದದ್ದೂ ಅಲ್ಲ. ಸ್ಥಳವಿಲ್ಲದಿದ್ದಾಗಲೇ, ಭಯ ಮುಗಿಯುವ ಮೊದಲೇ ಬಂದ ಸುದ್ದಿ.

ಕ್ರೈಸ್ತ ಸಭೆಯ ಪಂಚಾಂಗವನ್ನು ರಚಿಸಿದ ಹಿರಿಯರು ಇದನ್ನು ಮರೆಯಲಿಲ್ಲ. ಪಶ್ಚಿಮದ ಸಂಪ್ರದಾಯದಲ್ಲಿ ಕ್ರಿಸ್ಮಸ್ಸಿನ ಮರುದಿನವಾದ ಡಿಸೆಂಬರ್ ೨೬, ಕಲ್ಲೆಸೆತಕ್ಕೆ ಬಲಿಯಾದ ಸ್ತೆಫನನ ದಿನ. ಡಿಸೆಂಬರ್ ೨೮, ಹೆರೋದನ ಕತ್ತಿಗೆ ತುತ್ತಾದ ಮುಗ್ಧ ಶಿಶುಗಳ ದಿನ. ತೊಟ್ಟಿಲಿನ ಪಕ್ಕದಲ್ಲಿಯೇ ಚಟ್ಟವನ್ನೂ ಇರಿಸಿದ ಪಂಚಾಂಗವಿದು. ಹಬ್ಬದ ವಾರದಲ್ಲಿ ಅಳುವವನಿಗೆ ಇಲ್ಲಿ ಜಾಗವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅವನ ಜಾಗವನ್ನು ಶತಮಾನಗಳ ಹಿಂದೆಯೇ ಗೊತ್ತುಮಾಡಿ ಇಟ್ಟಿದ್ದಾರೆ.

ಬಯಸಿದ ಊರು ಒಂದು, ಸಿಕ್ಕಿದ ಊರು ಇನ್ನೊಂದು

ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿಲ್ಲವೆಂದಂತೆ, ಹದಿನೆಂಟು ಶತಮಾನಗಳ ಬಳಿಕ ಕನ್ನಡ ನಾಡಿನ ಒಂದು ಊರಿನ ಬಾಗಿಲೂ ಮುಚ್ಚಿತ್ತು. ಆ ಮುಚ್ಚಿದ ಬಾಗಿಲಿನಿಂದಲೇ ಬಳ್ಳಾರಿಯ ಪ್ರೊಟೆಸ್ಟೆಂಟ್ ಸಭೆಯ ಕಥೆ ಆರಂಭವಾಗುತ್ತದೆ.

ಲಂಡನ್ ಮಿಷನರಿ ಸೊಸೈಟಿಯವರು ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯನ್ನು ಭಾರತಕ್ಕೆ ಕಳಿಸಿದಾಗ ಗೊತ್ತುಮಾಡಿದ್ದ ಸ್ಥಳ ಶ್ರೀರಂಗಪಟ್ಟಣ. ಆದರೆ ಆ ಕಾಲದಲ್ಲಿ ಕಂಪನಿ ಸರ್ಕಾರಕ್ಕೆ ಪಾದ್ರಿಗಳೆಂದರೆ ಅಷ್ಟಕ್ಕಷ್ಟೆ. ೧೮೦೬ರ ವೆಲ್ಲೂರಿನ ಸಿಪಾಯಿ ದಂಗೆಯ ಭಯ ಇನ್ನೂ ಆರಿರಲಿಲ್ಲ. ಧರ್ಮಪ್ರಚಾರಕರು ಬಂದರೆ ಜನ ಕೆರಳಿಯಾರು, ವ್ಯಾಪಾರ ಕೆಟ್ಟೀತು ಎಂಬುದು ಅಧಿಕಾರಿಗಳ ಅಂಜಿಕೆ. ೧೮೧೩ರ ಸನ್ನದು ಬರುವವರೆಗೂ ಈ ಬಿಗಿ ಸಡಿಲಲಿಲ್ಲ. ಶ್ರೀರಂಗಪಟ್ಟಣದಲ್ಲಿ ನೆಲೆಸುವ ದಾರಿ ಹ್ಯಾಂಡ್ಸರಿಗೆ ಮುಚ್ಚಿತು. ಅದರ ಬದಲಿಗೆ ದೊರೆತದ್ದು ಬಳ್ಳಾರಿ. ೧೮೧೦ರಲ್ಲಿ ಅವರು ಈ ಬಿಸಿಲ ಬಯಲಿಗೆ ಬಂದಿಳಿದರು.

ಬಂದವರ ಮುಂದೆ ಇದ್ದ ಕಷ್ಟ ಸಾಮಾನ್ಯವಾದುದಲ್ಲ. ಭಾಷೆ ಬಾರದು. ಕಲಿಯೋಣವೆಂದರೆ ಅಚ್ಚಾದ ಕನ್ನಡ ವ್ಯಾಕರಣವೊಂದೂ ಇಲ್ಲ, ನಿಘಂಟೂ ಇಲ್ಲ. ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ, ವಿಲಿಯಂ ಕೇರಿಯವರದು, ಅಚ್ಚಾಗಿ ಹೊರಬಂದದ್ದು ೧೮೧೭ರಲ್ಲಿ. ಊರವರ ಬಾಯಿಂದ ಒಂದೊಂದೇ ಶಬ್ದವನ್ನು ಆಯ್ದು ಬರೆದುಕೊಂಡು ಕಲಿಯದೆ ಬೇರೆ ಗತಿಯಿರಲಿಲ್ಲ. ಬಳ್ಳಾರಿಯ ಸಂತೆಯ ಕನ್ನಡ, ಒಕ್ಕಲಿನ ಕನ್ನಡ, ಶಾಸ್ತ್ರಿಗಳ ಕನ್ನಡ ಇವುಗಳ ನಡುವೆ ದಾರಿ ಹುಡುಕುತ್ತ ಅವರು ಬೈಬಲ್ಲಿನ ಅನುವಾದಕ್ಕೆ ಕೈಹಾಕಿದರು.

ಇದೇ ಸಮಯಕ್ಕೆ ದೂರದ ಬಂಗಾಳದಲ್ಲಿ ಇದೇ ಕೆಲಸಕ್ಕೆ ಇನ್ನೊಂದು ಕೈ ತೊಡಗಿತ್ತು. ಶ್ರೀರಾಮಪುರದಲ್ಲಿ ಕೇರಿಯವರು ಕನ್ನಡದ ಹೊಸ ಒಡಂಬಡಿಕೆಯನ್ನು ಸಿದ್ಧಪಡಿಸುತ್ತಿದ್ದರು. ೧೮೧೨ರ ಮಾರ್ಚ್ ೧೧ರ ಸಂಜೆ ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕಾಗದ, ಅಚ್ಚಿನ ಮೊಳೆಗಳು, ವರ್ಷಗಳ ಶ್ರಮದ ಹಸ್ತಪ್ರತಿಗಳು ಸುಟ್ಟು ಬೂದಿಯಾದವು. ಕನ್ನಡದ ಹಸ್ತಪ್ರತಿಯೂ ಆ ಬೆಂಕಿಗೆ ಆಹುತಿಯಾಯಿತು. ಬರೆದದ್ದನ್ನೆಲ್ಲ ಮತ್ತೆ ಮೊದಲಿನಿಂದ ಬರೆಯಬೇಕು! ಕೇರಿಯವರು ಹಾಗೆಯೇ ಬರೆದರು. ಆ ಕನ್ನಡ ಹೊಸ ಒಡಂಬಡಿಕೆ ಹೊರಬರುವಾಗ ೧೮೨೩ನೆಯ ಇಸವಿ ಆಗಿತ್ತು.

ಬಳ್ಳಾರಿಯಲ್ಲಿ ಹ್ಯಾಂಡ್ಸರ ಕೆಲಸವೂ ಅಷ್ಟೇ ನಿಧಾನ. ಜೊತೆಗೂಡಿದವರಲ್ಲಿ ವಿಲಿಯಂ ರೀವ್ ಒಬ್ಬರು. ಕನ್ನಡ-ಇಂಗ್ಲಿಷ್ ನಿಘಂಟೊಂದನ್ನು ೧೮೩೨ರಲ್ಲಿ ಪ್ರಕಟಿಸಿದವರು ಇವರೇ. ಹ್ಯಾಂಡ್ಸರ ಮುಖಂಡತ್ವದಲ್ಲಿ ನಡೆದ ಕನ್ನಡ ಬೈಬಲ್ಲಿನ ಅನುವಾದ ಸಂಪೂರ್ಣವಾಗಿ ಹೊರಬಂದದ್ದು ೧೮೩೧ರಲ್ಲಿ. ಅವರು ಬಳ್ಳಾರಿಗೆ ಬಂದು ಆಗ ಇಪ್ಪತ್ತೊಂದು ವರ್ಷ. ಬಂದ ದಿನ ಹುಟ್ಟಿದ ಕೂಸು ಅಷ್ಟು ಹೊತ್ತಿಗೆ ಮದುವೆಯಾಗಿ ಮಕ್ಕಳನ್ನು ಹೆತ್ತಿರಬಹುದು.

ಮುಂದೆ ಬಳ್ಳಾರಿಯ ಮಿಷನ್ ಅಚ್ಚುಕೂಟ ಕನ್ನಡದ ಪತ್ರಿಕಾ ಚರಿತ್ರೆಯಲ್ಲಿಯೂ ಹೆಸರು ಪಡೆಯಿತು. ಹರ್ಮನ್ ಮೊಗ್ಲಿಂಗರು ೧೮೪೩ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ಮೊಳೆಯಚ್ಚಿಗಾಗಿ ಬಂದದ್ದು ಬಳ್ಳಾರಿಗೆ. ೧೮೪೬ರಲ್ಲಿ ಆರಂಭವಾದ ವಾರ್ಡ್ಲಾ ಶಾಲೆಯ ಹೆಸರನ್ನು ಅರಿಯದವರು ಬಳ್ಳಾರಿಯಲ್ಲಿ ವಿರಳ. ಅನುವಾದದ ಭಾಷೆಯನ್ನು ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಮುಂದೆ ತಿದ್ದಿ ಹದಗೊಳಿಸಿದರು. ೧೮೬೨ರಲ್ಲಿ ಕಿಟ್ಟೆಲರು ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಹಾಡಿ ‘ಕಥಾಮಾಲೆ’ಯನ್ನು ಕೊಟ್ಟರು.

ಈಗ ಯೋಚಿಸಬೇಕು. ಕ್ರಿಸ್ಮಸ್ ರಾತ್ರಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದುವಾಗ, ಆ ಓದಿನ ಹಿಂದೆ ಒಂದು ನಿರಾಕರಣೆಯ ಕಾಗದವಿದೆ, ಒಂದು ಬೆಂಕಿಯಿದೆ, ಎರಡು ದಶಕಗಳ ಕಾಯುವಿಕೆಯಿದೆ. ಹ್ಯಾಂಡ್ಸರು ಬಯಸಿ ಬಂದ ಊರು ಬಳ್ಳಾರಿಯಲ್ಲ; ಬಯಸಿದ್ದು ಸಿಗದೆ ಹೋದಾಗ ಸಿಕ್ಕಿದ ಊರು. ಆ ಎರಡನೆಯ ಊರಿನಲ್ಲಿಯೇ ಅವರ ಬಾಳಿನ ಮೊದಲನೆಯ ಕೆಲಸ ನಡೆಯಿತು. ತಮ್ಮ ಆಸೆ ಮುರಿದ ಹೊತ್ತಿನಲ್ಲಿ ಇದು ಅವರಿಗೆ ಹೇಗೆ ತಿಳಿದೀತು? ಮುರಿದ ಆಸೆಯ ಮುಂದೆ ನಿಂತ ಯಾರಿಗೂ ಅದು ತಿಳಿಯುವುದಿಲ್ಲ. ತಿಳಿಯದೆಯೂ ಕೈಗೆ ಬಂದ ಕೆಲಸವನ್ನು ಬಿಡದೆ ಮಾಡುವುದೇ ನಂಬಿಕೆಯ ಇನ್ನೊಂದು ಹೆಸರು.

ಧಾತು-ಈಶ್ವರದ ಡಿಸೆಂಬರು

ಆದರೆ ಎಲ್ಲ ನಿರಾಶೆಗಳೂ ಹೀಗೆ ಫಲ ಕೊಡುವುದಿಲ್ಲ. ಹಾಗೆಂದು ಹೇಳುವುದು ದುಃಖಿತರಿಗೆ ಅನ್ಯಾಯ ಮಾಡಿದಂತೆ. ಬಳ್ಳಾರಿ ಸೀಮೆ ಕಂಡ ಒಂದು ಡಿಸೆಂಬರ್ ಈ ಎಚ್ಚರವನ್ನು ಕೊಡುತ್ತದೆ.

೧೮೭೬ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು. ಅಂದು ಆರಂಭವಾದ ಮಹಾಕ್ಷಾಮವನ್ನು ಕನ್ನಡಿಗರು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರದ ಬರ ಎಂದು ಇಂದಿಗೂ ನೆನೆಯುತ್ತಾರೆ. ಮದರಾಸು ಆಧಿಪತ್ಯದಲ್ಲಿ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆ ವರ್ಷದ ಕ್ರಿಸ್ಮಸ್ ಕಳೆದ ಒಂದು ವಾರಕ್ಕೆ, ೧೮೭೭ರ ಜನವರಿ ೧ರಂದು, ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ವೈಭವದ ದರ್ಬಾರು ನಡೆಯಿತು. ಅದೇ ತಿಂಗಳು ಬರಪರಿಹಾರದ ಕೆಲಸಗಾರನ ಕೂಲಿಯನ್ನು, ಸರ್ ರಿಚರ್ಡ್ ಟೆಂಪಲ್ಲರ ಸಲಹೆಯಂತೆ, ದಿನಕ್ಕೆ ಒಂದು ಪೌಂಡು ಧಾನ್ಯಕ್ಕೆ ಇಳಿಸಲಾಯಿತು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಅದರಿಂದ ಹೊಟ್ಟೆ ಹೊರೆದು ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು.

ಅಂಥ ಡಿಸೆಂಬರಿನಲ್ಲಿ ‘ಆನಂದಿಸಿರಿ’ ಎಂದು ಯಾರು ಯಾರಿಗೆ ಹೇಳಬಹುದಿತ್ತು? ಹಸಿದವನ ಮುಂದೆ ಉಪದೇಶ ನಿಲ್ಲುವುದಿಲ್ಲ. ಆ ಬರದಲ್ಲಿ ಸತ್ತವರ ಸಾವಿಗೆ ಯಾವ ಸಮಾಧಾನದ ಮಾತೂ ಉತ್ತರವಾಗದು. ದಕ್ಷಿಣ ಭಾರತದ ಅನೇಕ ಮಿಷನ್ನುಗಳು ಆಗ ತಬ್ಬಲಿ ಮಕ್ಕಳನ್ನು ಸಾಕಲು ಮುಂದಾದವು. ಆ ಹೊತ್ತಿಗೆ ಸಲ್ಲುವ ಕ್ರಿಸ್ಮಸ್ ಅದೊಂದೇ: ಗಂಜಿಯ ಬಟ್ಟಲು, ಹೊದೆಯಲು ಒಂದು ಬಟ್ಟೆ, ಮಗುವನ್ನು ಎತ್ತಿಕೊಳ್ಳುವ ಒಂದು ಕೈ. ಗೋದಲಿಯ ಕೂಸಿಗೆ ಅಂದು ಬೇಕಾದದ್ದೂ ಇವೇ ಅಲ್ಲವೇ?

ಕ್ರೈಸ್ತ ಆನಂದ ಎಂಬುದರ ಒಂದು ಮುಖ್ಯ ಲಕ್ಷಣ ಇಲ್ಲಿ ಸ್ಪಷ್ಟವಾಗುತ್ತದೆ. ಅದು ನೋವನ್ನು ಇಲ್ಲವೆನ್ನುವ ಆನಂದವಲ್ಲ. ಬೈಬಲ್ಲಿನ ಕೀರ್ತನೆಗಳಲ್ಲಿ ಸ್ತುತಿ ಎಷ್ಟಿದೆಯೋ ಗೋಳೂ ಅಷ್ಟೇ ಇದೆ. ‘ಏಕೆ’, ‘ಎಲ್ಲಿಯವರೆಗೆ’ ಎಂದು ಭಕ್ತನು ದೇವರನ್ನೇ ತಡೆದು ನಿಲ್ಲಿಸಿ ಕೇಳುತ್ತಾನೆ. ದೇವರ ಮೇಲೆ ಮುನಿದು ಅವನನ್ನೇ ತರಾಟೆಗೆ ತೆಗೆದುಕೊಂಡ ಭಕ್ತರು ಕನ್ನಡಿಗರಿಗೂ ಹೊಸಬರಲ್ಲ. ಅಳಲು ಅನುಮತಿಯಿಲ್ಲದ ಮನೆಯಲ್ಲಿ ನಗುವೂ ನಿಜವಾದುದಲ್ಲ.

ಕತ್ತಲಲ್ಲಿ ಹುಟ್ಟಿದ ಹಾಡು

ಕ್ರಿಸ್ಮಸ್ಸಿನ ಹಾಡುಗಳಲ್ಲಿ ಜಗತ್ತೆಲ್ಲ ಹಾಡುವ ‘ಸೈಲೆಂಟ್ ನೈಟ್’ ಹುಟ್ಟಿದ ಸಂದರ್ಭವನ್ನು ನೋಡಬಹುದು. ೧೮೧೬ರಲ್ಲಿ ಆಸ್ಟ್ರಿಯಾದ ಯುವ ಪಾದ್ರಿ ಜೋಸೆಫ್ ಮೋರ್ ಅದನ್ನು ಬರೆದರು. ಯುರೋಪು ಆಗ ನೆಪೋಲಿಯನ್ನನ ಯುದ್ಧಗಳಿಂದ ಕಂಗೆಟ್ಟಿತ್ತು. ಹಿಂದಿನ ವರ್ಷ ತಾಂಬೋರಾ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ಎಸೆದ ಬೂದಿಯಿಂದ ೧೮೧೬ರಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಗಿ ಜನ ಹಸಿದರು. ಎರಡು ವರ್ಷಗಳ ಮೇಲೆ, ೧೮೧೮ರ ಡಿಸೆಂಬರ್ ೨೪ರಂದು, ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಇಗರ್ಜಿಯಲ್ಲಿ ಗ್ರೂಬರ್ ಎಂಬ ಉಪಾಧ್ಯಾಯರ ಸ್ವರಸಂಯೋಜನೆಯೊಡನೆ, ಗಿಟಾರಿನ ಜೊತೆಗೆ ಅದು ಮೊದಲ ಬಾರಿ ಕೇಳಿಬಂದಿತು. ಶಾಂತಿಯ ಆ ಹಾಡು ಶಾಂತಿ ಇಲ್ಲದ ಕಾಲದ ಮಗು.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ೧೯೪೩ರ ಕ್ರಿಸ್ಮಸ್ಸಿನ ಹೊತ್ತಿಗೆ ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿದ್ದರು. ಮದುವೆ ಗೊತ್ತಾಗಿತ್ತು, ನಡೆದಿರಲಿಲ್ಲ. ಹಬ್ಬಕ್ಕೆ ಮನೆಯಲ್ಲಿರಬಹುದೆಂಬ ಆಸೆಯೂ ಕಮರಿತು. ಆಗ ಅವರು ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. ಛತ್ರದಲ್ಲಿ ಸ್ಥಳ ಸಿಗದ ಕ್ರಿಸ್ತನ ಕಥೆ ಸೆರೆಯಾಳಿಗೆ ಇತರರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಎಂಬ ಭಾವವನ್ನು ತಂದೆತಾಯಿಗಳಿಗೆ ಬರೆದ ಪತ್ರದಲ್ಲಿ ತಿಳಿಸಿದರು. ಅವರ ಬಿಡುಗಡೆಯಾಗಲಿಲ್ಲ. ೧೯೪೫ರ ಏಪ್ರಿಲ್ ೯ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಅವರ ಆಸೆ ನೆರವೇರಲಿಲ್ಲವೆಂದ ಮಾತ್ರಕ್ಕೆ ಅವರ ಆನಂದ ಸುಳ್ಳಾಗಿತ್ತೆಂದು ಹೇಳಲಾದೀತೆ?

ಇಂಥದೇ ಸೆರೆಯಿಂದ ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ‘ಸಂತೋಷ’ ಎಂಬ ಶಬ್ದ ಮತ್ತೆ ಮತ್ತೆ ಬರುತ್ತದೆ. ಸಂಕೋಲೆಯ ಕೈ ಬರೆಯಿಸಿದ ಸಂತೋಷ ಅದು. ಸುಖವು ಪರಿಸ್ಥಿತಿಯ ಕೂಸು. ಮಳೆ ಬಂದರೆ ಸುಖ, ಬಾರದಿದ್ದರೆ ಇಲ್ಲ; ಕೂಲಿ ಬಂದರೆ ಸುಖ, ತಡೆದರೆ ಇಲ್ಲ. ಈ ಆನಂದ ಹಾಗಲ್ಲ. ತನ್ನ ಜೊತೆಗೆ ಒಬ್ಬನಿದ್ದಾನೆ, ಕೊಟ್ಟ ಮಾತಿಗೆ ಅವನು ತಪ್ಪುವವನಲ್ಲ ಎಂಬ ನೆಮ್ಮದಿಯಲ್ಲಿ ಅದರ ಬೇರಿದೆ. ಬೇಸಗೆಯಲ್ಲಿ ಹಗರಿ ಹೊಳೆಯ ನೀರು ಮೇಲೆ ಬತ್ತಿದರೂ ಮರಳನ್ನು ತೋಡಿದರೆ ಒರತೆ ದೊರೆಯುವಂತೆ, ಅದು ಮೇಲೆ ಕಾಣದು, ತೋಡಿದರೆ ಸಿಕ್ಕೀತು.

ಸೂತಕದ ಮನೆಯ ಹಬ್ಬ

ಇಷ್ಟಾದ ಮೇಲೆ ಮತ್ತೆ ಕೌಲ್ ಬಜಾರಿನ ಆ ಕತ್ತಲಾದ ಬಾಗಿಲಿಗೆ ಬರೋಣ.

ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡಬಾರದೆಂಬುದು ಕನ್ನಡ ನಾಡಿನ ಹಳೆಯ ವಾಡಿಕೆ. ಕ್ರೈಸ್ತ ಮನೆಗಳಲ್ಲಿಯೂ ಇದನ್ನು ಪಾಲಿಸುವವರಿದ್ದಾರೆ. ಆ ವರ್ಷ ಕರಿಯುವ ಬಾಣಲೆ ಒಲೆ ಏರದು, ಹೊಸ ಬಟ್ಟೆ ಬಾರದು. ಇದನ್ನು ಮೂಢಾಚಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರಲ್ಲಿ ದೊಡ್ಡ ಮನುಷ್ಯತ್ವವಿದೆ. ದುಃಖಕ್ಕೆ ಒಂದು ವರ್ಷದ ಅವಕಾಶ ಕೊಟ್ಟ ವಿವೇಕವದು. ಆದರೆ ಅದರ ಜೊತೆಗೆ ಇನ್ನೊಂದು ವಾಡಿಕೆಯೂ ಇದೆಯೆಂಬುದನ್ನು ಮರೆಯಲಾಗದು. ಆ ಮನೆಯವರು ಮಾಡದಿದ್ದರೇನು, ನೆಂಟರು, ನೆರೆಯವರು ತಂದುಕೊಡುತ್ತಾರೆ. ಸೂತಕದ ಮನೆಯ ಮಕ್ಕಳು ಹಬ್ಬದ ದಿನ ಸಿಹಿ ತಿನ್ನದೆ ಮಲಗಬಾರದೆಂದು ಪಕ್ಕದ ಮನೆಯ ತಾಯಿ ಸೆರಗಿನಲ್ಲಿ ಮುಚ್ಚಿಕೊಂಡು ತಂದ ತಟ್ಟೆಯನ್ನು ಕಾಣದ ಊರು ಕನ್ನಡ ನಾಡಿನಲ್ಲಿ ಯಾವುದಿದೆ?

ಕ್ರಿಸ್ಮಸ್ಸಿನ ತಿರುಳು ಆ ತಟ್ಟೆಯಲ್ಲಿದೆ. ಹಬ್ಬವನ್ನು ತಾನು ಮಾಡಲಾರದವನ ಮನೆಗೆ ಹಬ್ಬವೇ ನಡೆದುಬರುವುದು, ಬರಿಗೈಯ ಮನೆಗೆ ದೇವರೇ ಬರಿಗೈಯ ಕೂಸಾಗಿ ಬಂದನೆನ್ನುವ ಕಥೆಗೆ ಇದಕ್ಕಿಂತ ಹತ್ತಿರದ ಉಪಮೆ ಇಲ್ಲ.

ಪಶ್ಚಿಮ ದೇಶಗಳ ಕೆಲವು ಸಭೆಗಳಲ್ಲಿ ಈಚಿನ ದಶಕಗಳಲ್ಲಿ ಒಂದು ಹೊಸ ಆರಾಧನೆ ರೂಢಿಗೆ ಬಂದಿದೆ. ವರ್ಷದ ಅತಿ ದೀರ್ಘವಾದ ರಾತ್ರಿ, ಅಂದರೆ ಡಿಸೆಂಬರ್ ೨೧ರ ಸುಮಾರಿಗೆ, ಆ ವರ್ಷ ಯಾರನ್ನಾದರೂ ಕಳೆದುಕೊಂಡವರು, ಕೆಲಸ ಕಳೆದುಕೊಂಡವರು, ರೋಗದಿಂದ ಬಳಲುವವರು ಒಟ್ಟುಗೂಡುತ್ತಾರೆ. ಅಬ್ಬರದ ಹಾಡಿಲ್ಲ, ಅಲಂಕಾರವಿಲ್ಲ. ಅಗಲಿದವರ ಹೆಸರನ್ನು ನೆನೆದು ಒಂದೊಂದು ಮೇಣದ ಬತ್ತಿಯನ್ನು ಹಚ್ಚುತ್ತಾರೆ. ೨೦೨೦ರ ಕೋವಿಡ್ ಪಿಡುಗಿನ ಕ್ರಿಸ್ಮಸ್ಸಿನಲ್ಲಿ ಇಂಥ ಆರಾಧನೆಯ ಅಗತ್ಯ ಜಗತ್ತಿಗೆಲ್ಲ ತಿಳಿಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ದೂರ ದೂರ ಕುಳಿತು, ಬಾಯಿಬಿಟ್ಟು ಹಾಡಲೂ ಅಂಜುತ್ತ ಆಚರಿಸಿದ ಆ ಹಬ್ಬದಲ್ಲಿ ಎಷ್ಟು ಮನೆಗಳಲ್ಲಿ ಒಂದು ತಟ್ಟೆ ಕಡಿಮೆಯಾಗಿತ್ತು!

ಆದುದರಿಂದ ನೊಂದ ಮನೆಗೆ ಹೋಗುವವರು ‘ಅಳಬೇಡಿ, ಇದು ಹಬ್ಬ’ ಎನ್ನಬೇಕಿಲ್ಲ. ಜೊತೆಗೆ ಕುಳಿತರೆ ಸಾಕು. ತೀರಿಕೊಂಡವರ ಹೆಸರನ್ನು ಎತ್ತಿ, ‘ಹೋದ ವರ್ಷ ಈ ಹೊತ್ತಿಗೆ ಯಜಮಾನರು ಇಲ್ಲಿಯೇ ಕುಳಿತಿದ್ದರು, ಅಲ್ಲವೇನಮ್ಮ?’ ಎಂದರೆ ಸಾಕು. ಹೆಸರೆತ್ತದ ಮೌನಕ್ಕಿಂತ ಹೆಸರೆತ್ತಿದ ಕಣ್ಣೀರು ಹಗುರ. ಕೂಲಿ ಬಾರದ ಮನೆಗೆ ಉಪದೇಶಕ್ಕಿಂತ ಅಕ್ಕಿಯ ಚೀಲ ಒಳ್ಳೆಯ ಕ್ಯಾರಲ್. ಮಗ ಬಾರದ ಮನೆಯ ಮುದುಕರನ್ನು ತಮ್ಮ ಮನೆಯ ಊಟಕ್ಕೆ ಕರೆಯುವ ನೆರೆಯವರು, ಅವರು ಯಾವ 
ಮತದವರೇ ಆಗಿರಲಿ, ಅಂದು ಬೆತ್ಲೆಹೇಮಿನ ಛತ್ರದವನು ಮಾಡದೆ ಬಿಟ್ಟ ಕೆಲಸವನ್ನು ಮಾಡಿದವರಾಗುತ್ತಾರೆ.

ಇನ್ನು, ನೊಂದವರು ಮಾಡಬಹುದಾದದ್ದೇನು? ಅವರಿಂದ ಯಾರೂ ಹಾಡನ್ನು ಕೇಳುವುದಿಲ್ಲ. ನಗುವ ಮುಖವನ್ನು ಕೇಳುವುದಿಲ್ಲ. ಬಾಗಿಲಿಗೆ ಅಗುಳಿ ಹಾಕದಿದ್ದರೆ ಅಷ್ಟೇ ಸಾಕು. ಆನಂದವನ್ನು ತಾವು ಉತ್ಪಾದಿಸಬೇಕಿಲ್ಲ. ಬಂದಾಗ ಒಳಗೆ ಬಿಟ್ಟುಕೊಂಡರೆ ಸಾಕು. ಕುರುಬರೂ ಅಂದು ಆನಂದವನ್ನು ಹುಡುಕಿಕೊಂಡು ಹೊರಟವರಲ್ಲ. ತಮ್ಮ ಪಾಡಿಗೆ ಚಳಿಯಲ್ಲಿ ಕುರಿ ಕಾಯುತ್ತ ಕುಳಿತಿದ್ದರು. ಅದು ಅವರನ್ನು ಹುಡುಕಿಕೊಂಡು ಬಂದಿತು. ಮಗುವನ್ನು ಕಂಡು ಹಿಂದಿರುಗಿದ ಮೇಲೆ ಅವರ ಬಡತನ ನೀಗಿತೆಂದು ಸುವಾರ್ತೆ ಹೇಳುವುದಿಲ್ಲ. ಅದೇ ಹೊಲ, ಅದೇ ಕುರಿ, ಅದೇ ಚಳಿ. ಆದರೂ ಅವರು ದೇವರನ್ನು ಕೊಂಡಾಡುತ್ತ ಹಿಂದಿರುಗಿದರೆಂದು ಮಾತ್ರ ಹೇಳುತ್ತದೆ.

ಕ್ರಿಸ್ಮಸ್ ರಾತ್ರಿ ಆರಾಧನೆಯ ಗಂಟೆ ಮೊಳಗಿದಾಗ ಕೌಲ್ ಬಜಾರಿನ ಓಣಿಗಳಲ್ಲಿ ಜನ ಹೊರಡುತ್ತಾರೆ. ಹೊಸ ಬಟ್ಟೆಯವರ ನಡುವೆ ಹಳೆಯ ಬಟ್ಟೆಯವರೂ ಇರುತ್ತಾರೆ; ಗುಂಪಿನಲ್ಲಿ ನಡೆಯುವವರ ಹಿಂದೆ ಒಬ್ಬೊಬ್ಬರೇ ನಡೆಯುವವರೂ ಇರುತ್ತಾರೆ. ಒಳಗೆ ಹೋದ ಮೇಲೆ ಎಲ್ಲರಿಗೂ ಒಂದೇ ಕಥೆಯನ್ನು ಓದಲಾಗುತ್ತದೆ, ಬೇರೊಂದು ಊರನ್ನು ಬಯಸಿ ಬಳ್ಳಾರಿಗೆ ಬಂದವರೊಬ್ಬರು ಮೊದಲು ಕನ್ನಡಿಸಿದ ಕಥೆಯನ್ನು. ಸ್ಥಳವಿಲ್ಲದವನಿಗೆ ಹುಟ್ಟಿದ ಹಬ್ಬದಲ್ಲಿ ಯಾರಿಗೂ ಸ್ಥಳವಿಲ್ಲವೆನ್ನುವಂತಿಲ್ಲ. ಮನೆಗೆ ಹಿಂದಿರುಗಿದಾಗ ಆ ಕತ್ತಲಾದ ಬಾಗಿಲಿನಲ್ಲಿ ನೆರೆಮನೆಯ ಹುಡುಗರು ತೂಗುಹಾಕಿ ಹೋದ ಒಂದು ಕಾಗದದ ನಕ್ಷತ್ರವಿದ್ದರೆ, ಕೊಟ್ಟ ಕೌಲು ಉಳಿಯಿತೆಂದೇ ತಿಳಿಯಬೇಕು.